ಹರಕೆ ಗಡ್ಡಕ್ಕೆ ಬ್ಲೇಡು ಹಚ್ಚಿದ ಮೇಲೆ

ರೋಗಿಗಳನ್ನು ಮನೆಯಲ್ಲೇ ಇದ್ದು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರಿಗೆ ನನ್ನ ಮೊದಲ ಮಾತು ಇದು: ಮನೆಯ ಯಜಮಾನಿಯನ್ನು ಕೇಳದೆ ಯಾವ ಮುದುಕರ ಮುಖಕ್ಕೂ ಬ್ಲೇಡು ಹಚ್ಚಬೇಡಿ. ಬಿ.ಪಿ. ನೋಡುವುದು, ಮಗ್ಗುಲು ಬದಲಿಸುವುದು, ಮೂಗಿನ ನಳಿಗೆಯಲ್ಲಿ ಗಂಜಿ ಬಿಡುವುದು, ಇದನ್ನೆಲ್ಲ ನಿಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಬ್ಲೇಡಿನ ವಿಷಯ ಯಾರೂ ಹೇಳಿಕೊಡುವುದಿಲ್ಲ. ನನಗೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಭೀಮನಬೀಡಿನಲ್ಲಿ ಒಂದು ಬೆಳಿಗ್ಗೆ ಮಾಡಿದ ಶೇವಿಂಗಿನ ಫಲವನ್ನು ನಾನು ಒಂದು ವರ್ಷಕ್ಕೂ ಮೇಲ್ಪಟ್ಟು ಉಂಡೆ. ಮಾಡಿದ್ದುಣ್ಣೋ ಮಹರಾಯ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ನನ್ನ ಹೆಸರು ಸಿದ್ದರಾಜು, ಊರು ಹರದನಹಳ್ಳಿ. ಈ ಕೆಲಸಕ್ಕೆ ಸೇರುವ ಮೊದಲು ಚಾಮರಾಜನಗರದ ಒಂದು ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದೆ. ನರ್ಸಾಗಿ ನಿವೃತ್ತರಾಗಿದ್ದ ಸುಶೀಲಾ ಸಿಸ್ಟರ್ ಎನ್ನುವವರು ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು, ಮನೆ ಮನೆಗೆ ಆರೈಕೆಯವರನ್ನು ಕಳಿಸುವ ಏಜೆನ್ಸಿ ಶುರು ಮಾಡಿದ್ದರು. ಅಕ್ಕಿ ಕೊಳ್ಳಲು ಬಂದವರು ನಾನು ಮೂಟೆ ಎತ್ತುವುದನ್ನು ನೋಡಿ ಅಲ್ಲೇ ಸಂದರ್ಶನ ಮಾಡಿದರು.

"ವಾಸನೆ ಬಂದ್ರೆ ಮೂಗು ಮುಚ್ಕೊತೀಯೇನಪ್ಪ?"

"ಇಲ್ಲ ಸಿಸ್ಟರ್. ಹೊಟ್ಟಿನ ಧೂಳು ಕುಡ್ದು ಕುಡ್ದು ನನ್ ಮೂಗು ಯಾವತ್ತೋ ಸತ್ತೋಗದೆ."

"ನಾಳೆಯಿಂದ ಬಾ," ಎಂದರು.

ತರಬೇತಿಯ ಮೊದಲ ದಿನವೇ ನನ್ನ ಬಲಗೈಯನ್ನು ಬೆನ್ನಿಗೆ ಕಟ್ಟಿ, ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿಸಿ, ನನ್ನ ಜೊತೆ ಸೇರಿದ್ದ ಇನ್ನೊಬ್ಬನ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟು ತಿನ್ನಿಸು ಎಂದರು. ಆ ಪುಣ್ಯಾತ್ಮ ಒಂದು ತುತ್ತು ಬಾಯಿಗೆ ಹಾಕಿದರೆ ಎರಡು ತುತ್ತು ಕಿವಿಗೆ ಹಾಕಿದ. ಒಗ್ಗರಣೆಯ ಸಾಸಿವೆ ಎರಡು ದಿನ ಕಿವಿಯಲ್ಲೇ ಇತ್ತು. ನನಗೆ ಕೆಮ್ಮು ಬಂದು ಕಣ್ಣು ಮೇಲಾದಾಗ ಸಿಸ್ಟರ್ ನಗಲಿಲ್ಲ. "ನುಂಗೋವರೆಗೂ ಕಾಯ್ಬೇಕು ಅಂತ ಈಗ ಗೊತ್ತಾಯ್ತಾ? ಮೂಟೆ ಅಯ್ಯೋ ಅನ್ನಲ್ಲ, ಮನುಷ್ಯ ಅಂತಾನೆ. ಅನ್ನಕ್ಕಾಗದೆ ಇರೋರ ಮನೆಗೆ ನಿಮ್ಮನ್ನ ಕಳಿಸ್ತಿದೀನಿ," ಎಂದರು. ನನಗೆ ಎಷ್ಟೋ ಮೇಲಧಿಕಾರಿಗಳು ಪಾಠ ಹೇಳಿದ್ದಾರೆ, ಆದರೆ ಕಿವಿಗೇ ತುರುಕಿದವರು ಇವರೊಬ್ಬರೇ.

ಆಗಿನ ಕೆಲಸದ ರೀತಿಯೇ ಬೇರೆ. ಮಲಗಿದ್ದವರ ಬೆನ್ನು ಹುಣ್ಣಾಗದಿರಲೆಂದು ಹಾಸಿಗೆಯ ಮೇಲೆ ಬಾಳೆ ಎಲೆ ಹಾಸುತ್ತಿದ್ದೆವು. ರಬ್ಬರಿನ ಕೈಗವಸಿಗೆ ನೀರು ತುಂಬಿ ಹಿಮ್ಮಡಿಯ ಕೆಳಗೆ ಇಡುತ್ತಿದ್ದೆವು. ಈಗ ಕರೆಂಟಿನಲ್ಲಿ ಬುಸುಗುಡುವ ಗಾಳಿ ಹಾಸಿಗೆ ಬಂದಿದೆ. ನಡೆಸುವಾಗ ಸೊಂಟಕ್ಕೆ ಪಂಚೆ ಸುತ್ತಿ ಹಿಂದಿನಿಂದ ಹಿಡಿಯುತ್ತಿದ್ದೆವು, ಈಗ ಹಿಡಿ ಇರುವ ಬೆಲ್ಟ್ ಕೊಡುತ್ತಾರೆ. ಡೈಪರ್ ಮೊದಲ ಸಲ ಕೈಗೆ ಬಂದಾಗ ನಾನು ಹಿಂದುಮುಂದಾಗಿ ಕಟ್ಟಿ, ಅಂಟನ್ನು ಬೆನ್ನ ಕಡೆ ಹಾಕಿಬಿಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಡೈಪರ್ ಒಂದು ಕಡೆ, ರೋಗಿ ಒಂದು ಕಡೆ. ಈಗ ಊಟ ಮಾಡಿಸಿದ್ದನ್ನೂ ಫೋಟೋ ತೆಗೆದು ವಾಟ್ಸಾಪಿಗೆ ಹಾಕಬೇಕು. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ತುತ್ತು ಬಾಯಲ್ಲಿರುವಾಗ ಫೋನು ತೆಗೆಯಬೇಡಿ.

ಪುಣಜನೂರಿನಲ್ಲಿ ರಂಗಯ್ಯ ಎಂಬ ನಿವೃತ್ತ ಫಾರೆಸ್ಟ್ ವಾಚರ್ ಇದ್ದರು. ಅವರಿಗೆ ಮರೆವಿನ ಕಾಯಿಲೆ. ಬೆಳಿಗ್ಗೆ ಹಿತ್ತಲ ಬಚ್ಚಲಿಗೆ ಕರೆದುಕೊಂಡು ಹೋಗುವಾಗ ಬಾಗಿಲಲ್ಲೇ ನಿಂತು, ತುಟಿಯ ಮೇಲೆ ಬೆರಳಿಟ್ಟು "ಶ್! ಆನೆ ಅದೆ" ಎನ್ನುತ್ತಿದ್ದರು. "ಆನೆ ಎಲ್ಲದೆ ರಂಗಣ್ಣ, ಅದು ನೀರಿನ ಡ್ರಮ್ಮು" ಎಂದು ನಾನು ಒಂದು ವಾರ ವಾದ ಮಾಡಿದೆ. ವಾದ ಮಾಡಿದಷ್ಟೂ ಅವರು ಗೋಡೆಗೆ ಅಂಟಿಕೊಳ್ಳುತ್ತಿದ್ದರು, ಕೊನೆಗೆ ಆಗಬಾರದ್ದು ನಿಂತಲ್ಲೇ ಆಗುತ್ತಿತ್ತು. ಸಿಸ್ಟರ್‌ಗೆ ಫೋನ್ ಮಾಡಿದರೆ, "ಅವರ ಆನೆನ ನೀನ್ಯಾಕಪ್ಪ ಓಡಿಸ್ತೀಯಾ? ಜೊತೇಲಿ ನಿಂತ್ಕೋ, ಅದು ಹೋದ್ಮೇಲೆ ನೀವು ಹೋಗಿ" ಎಂದರು. ಅವತ್ತಿನಿಂದ ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. "ಹೋಯ್ತಾ?" ಎನ್ನುವರು. "ಹೋಯ್ತು ಕಣಣ್ಣ" ಎನ್ನುವೆ. ಬಚ್ಚಲ ಕೆಲಸ ಸಲೀಸಾಗಿ ನಡೆಯುತ್ತಿತ್ತು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ರಂಗಯ್ಯನವರು ಮತ್ತೆ ಆನೆ ಅದೆ ಎಂದರು. ನನಗೆ ಕಾಫಿಯ ಆತುರ. ತಲೆಯೆತ್ತಿಯೂ ನೋಡದೆ "ಹೋಯ್ತು ನಡಿ" ಎಂದು ಹೊರಗೆ ಕಾಲಿಟ್ಟೆ. ಬಚ್ಚಲ ಆಚೆಯ ಹಲಸಿನ ಮರದ ಕೆಳಗೆ ನಿಜವಾದ ಆನೆ ನಿಂತು ಹಣ್ಣು ಮುರಿಯುತ್ತಿತ್ತು. ನನ್ನ ಕಾಲು ಅಲ್ಲೇ ನೆಟ್ಟುಹೋಯಿತು. ರಂಗಯ್ಯನವರೇ ನನ್ನ ಸೊಂಟದ ಟವೆಲ್ಲಿಗೆ ಕೈ ಹಾಕಿ ಒಳಗೆಳೆದು, ಸದ್ದಾಗದಂತೆ ಬಾಗಿಲು ಹಾಕಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ನಿಂಗೆ ಮರೆವು ಜಾಸ್ತಿ ಆಗದೆ ಕಣ್ಲಾ. ಡಾಕ್ಟರಿಗೆ ತೋರ್ಸು."

ಇಷ್ಟು ಅನುಭವವಾದವನಿಗೆ ಸ್ವಲ್ಪ ಜಂಬ ಬರುವುದು ಸಹಜ. ನನ್ನ ಜಂಬವೆಲ್ಲ ಶೇವಿಂಗ್ ಡಬ್ಬಿಯಲ್ಲಿತ್ತು. ಸಿದ್ದರಾಜು ಕೈಗೆ ಸಿಕ್ಕಿದ ರೋಗಿ ಮದುವೆ ಗಂಡಿನ ಹಾಗೆ ಕಾಣುತ್ತಾನೆ ಎಂದು ಏಜೆನ್ಸಿಯಲ್ಲಿ ಹೆಸರಿತ್ತು. ಇನ್ನೊಂದು ನೇಮವೂ ಇತ್ತು: ಮೂರು ತಿಂಗಳಿಗಿಂತ ಹೆಚ್ಚು ಯಾವ ಮನೆಯಲ್ಲೂ ನಿಲ್ಲಬಾರದು, ನಿಂತರೆ ಮಾಯೆ ಹತ್ತುತ್ತದೆ. ಈ ಎರಡೂ ಬುದ್ಧಿವಂತಿಕೆಗಳನ್ನು ಚೀಲದಲ್ಲಿಟ್ಟುಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿ ಭೀಮನಬೀಡಿಗೆ ಹೋದೆ.

ರೋಗಿಯ ಹೆಸರು ಗುರುಮಲ್ಲಪ್ಪನವರು. ಅರಿಶಿನ, ಬಾಳೆ, ಚೆಂಡು ಹೂವು ಬೆಳೆಯುವ ದೊಡ್ಡ ಒಕ್ಕಲು. ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಹೆಂಡತಿ ಗೌರಮ್ಮಣ್ಣಿ, ಮಗ ನಂಜುಂಡ. ನಾನು ಹೋಗಿ ಸೇರಿದ್ದು ಭಾನುವಾರ ರಾತ್ರಿ, ಯಜಮಾನರು ಮಲಗಿದ ಮೇಲೆ. ಮಾರನೆಯ ಬೆಳಿಗ್ಗೆ ಅಮ್ಮ ದೇವಸ್ಥಾನಕ್ಕೆ ಹೋಗಿದ್ದರು, ಮಗ ಹೂವಿನ ಹೊಲದಲ್ಲಿದ್ದ. ಪಡಸಾಲೆಯ ಕುರ್ಚಿಯಲ್ಲಿ ಯಜಮಾನರು ಒಬ್ಬರೇ ಕೂತಿದ್ದರು. ಎದೆಯವರೆಗೆ ಗಡ್ಡ, ಹೆಗಲವರೆಗೆ ಕೂದಲು. ಇವರನ್ನು ನೋಡಿಕೊಳ್ಳುವವರೇ ಇರಲಿಲ್ಲವಲ್ಲ ಪಾಪ ಎಂದುಕೊಂಡು ಶೇವಿಂಗ್ ಡಬ್ಬಿ ತೆಗೆದೆ.

ಕೇಳದೆ ಮಾಡಿದೆ ಅಂದುಕೊಳ್ಳಬೇಡಿ, ಕೇಳಿಯೇ ಮಾಡಿದೆ.

"ಯಜಮಾನ್ರೇ, ಶೇವ್ ಮಾಡ್ಲಾ?"

"ಆಯ್ತು," ಎಂದರು.

"ಮೀಸೆ ಬುಡ್ಲಾ?"

"ಆಯ್ತು."

"ತೆಗ್ದುಬುಡ್ಲಾ?"

"ಆಯ್ತು."

ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಕತ್ತರಿಯಲ್ಲಿ ಇಳಿಸಿ, ನೊರೆ ಹಚ್ಚಿ, ಗಡ್ಡ, ಮೀಸೆ, ತಲೆಗೂದಲು ಎಲ್ಲವನ್ನೂ ನುಣ್ಣಗೆ ಮಾಡಿದೆ. ಕೂದಲನ್ನು ಪೇಪರಿನಲ್ಲಿ ಸುತ್ತಿ ತಿಪ್ಪೆಗೆ ಎಸೆದು ಬಂದೆ. ಕನ್ನಡಿ ಹಿಡಿದಾಗ ಯಜಮಾನರು ಎಡಗೈಯಿಂದ ಗಲ್ಲ ಸವರಿಕೊಂಡರು, ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪ ಎಂದುಕೊಂಡು ಇನ್ನಷ್ಟು ಪೌಡರ್ ಹಾಕಿದೆ.

ಗೌರಮ್ಮಣ್ಣಿಯವರು ಹಣೆಗೆ ವಿಭೂತಿ ಇಟ್ಟುಕೊಂಡು, ಹೂವಿನ ಬುಟ್ಟಿ ಹಿಡಿದು ಒಳಗೆ ಬಂದರು. ಕುರ್ಚಿಯಲ್ಲಿದ್ದವರನ್ನು ನೋಡಿ ಸೆರಗು ಸರಿಮಾಡಿಕೊಂಡು, "ಯಾರಪ್ಪ ಬಂದಿರೋರು? ಕಾಫಿ ಕೊಟ್ಯಾ?" ಎಂದು ನನ್ನನ್ನು ಕೇಳಿದರು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದರು. ಬುಟ್ಟಿ ಕೈಜಾರಿತು.

"ಅಯ್ಯೋ ಸಿವನೇ! ಏನ್ಲಾ ಮಾಡ್ಬುಟ್ಟೆ?"

"ಯಜಮಾನ್ರನ್ನ ಕೇಳ್ದೆ ಅಮ್ಮಾರೇ. ಆಯ್ತು ಅಂದ್ರು."

"ಅವ್ರಿಗೆ ಉಳ್ದಿರೋದೇ ಅದೊಂದು ಮಾತು ಕಣ್ಲಾ! ಮನೆಗೆ ಬೆಂಕಿ ಇಕ್ಲಾ ಅಂತ ಕೇಳು, ಅದ್ಕೂ ಆಯ್ತು ಅಂತಾರೆ!" ಎಂದವರೇ ಗಂಡನ ಕಡೆ ತಿರುಗಿ, "ಇವನ್ನ ಎತ್ತಿ ಬಾವಿಗೆ ಆಕುಬುಡನಾ?" ಎಂದು ಕೇಳಿದರು.

"ಆಯ್ತು," ಎಂದರು ಗುರುಮಲ್ಲಪ್ಪನವರು.

ವಿಷಯ ಏನೆಂದು ನಂಜುಂಡ ಬಂದ ಮೇಲೆ ತಿಳಿಯಿತು. ಯಜಮಾನರು ಆಸ್ಪತ್ರೆಯಲ್ಲಿ ಬಿದ್ದ ದಿನ ಅಮ್ಮ ಮಹದೇಶ್ವರ ಬೆಟ್ಟದ ಮಾದಪ್ಪನಿಗೆ ಹರಕೆ ಕಟ್ಟಿಕೊಂಡಿದ್ದರು. ಇವರು ತಮ್ಮ ಕಾಲ ಮೇಲೆ ನಡೆದು ಬಂದು ಬೆಟ್ಟದಲ್ಲಿ ಮುಡಿ ಕೊಡುವವರೆಗೂ ಮೈಗೆ ಕತ್ತರಿ ಬ್ಲೇಡು ಸೋಕಿಸುವುದಿಲ್ಲ ಎಂದು. ಹದಿನಾಲ್ಕು ತಿಂಗಳಿಂದ ಬೆಳೆಸಿದ್ದ ಗಡ್ಡ ಅದು. ದೇವರಿಗೆ ಎಂದು ಮೀಸಲಿಟ್ಟದ್ದನ್ನು ನಾನು ತಿಪ್ಪೆಗೆ ಎಸೆದಿದ್ದೆ. ಅದೂ ಸೋಮವಾರ, ಮಾದಪ್ಪನ ವಾರ, ಆ ಸೀಮೆಯಲ್ಲಿ ಯಾರೂ ಉಗುರೂ ಕತ್ತರಿಸದ ದಿನ. ನಾನೇನು ಪರದೇಶದವನೇ? ಹರದನಹಳ್ಳಿಯವನು. ಸೋಮವಾರ ನಾನೂ ಶೇವ್ ಮಾಡಿಕೊಳ್ಳುವುದಿಲ್ಲ. ಕೆಲಸದ ಉಮೇದಿನಲ್ಲಿ ವಾರವೇ ಮರೆತಿತ್ತು.

ಮೊದಲ ಶಿಕ್ಷೆ ತಿಪ್ಪೆ ಕೆದಕುವುದು. ಪಕ್ಕದ ಮನೆಯ ಕೋಳಿಗಳು ಅಷ್ಟರಲ್ಲಿ ಪೇಪರನ್ನು ಹರಿದು ಹಂಚಿಬಿಟ್ಟಿದ್ದವು. ಮಧ್ಯಾಹ್ನದವರೆಗೆ ಬಗ್ಗಿ ಬಗ್ಗಿ ಒಂದು ಹಿಡಿ ಕೂದಲು ಆರಿಸಿ ತಂದೆ. ಅಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿದರು. "ಇದು ಮೇಕೆದು. ಇದು ತೆಂಗಿನ ನಾರು. ಇದು... ಇದೇನ್ಲಾ, ಪೊರಕೆ ಕಡ್ಡಿ!" ಯಜಮಾನರದ್ದು ಎಂದು ಖಾತ್ರಿಯಾದದ್ದು ಎಂಟೋ ಹತ್ತೋ ಎಳೆ.

"ಬೆಳೀತದೆ ಬುಡವ್ವ," ಎಂದ ನಂಜುಂಡ.

"ಬೆಳೀತದೆ. ಕಳ್ದೋದ ಹದಿನಾಕು ತಿಂಗ್ಳುದು ಎಲ್ಲಿಂದ ಬೆಳೀತದೆ?" ಎಂದರು ಅಮ್ಮ. ಬೈದದ್ದಕ್ಕೆ ನನಗೆ ಅಷ್ಟು ಬೇಜಾರಾಗಿರಲಿಲ್ಲ, ಇದು ಮಾತ್ರ ನಾಟಿತು. ಗಂಡ ಎದ್ದು ನಡೆಯುತ್ತಾರೆ ಎನ್ನುವುದಕ್ಕೆ ಆ ಮನೆಯಲ್ಲಿ ಕಣ್ಣಿಗೆ ಕಾಣುತ್ತಿದ್ದ ಒಂದೇ ಗುರುತು ಆ ಗಡ್ಡ, ಅದನ್ನೇ ನಾನು ತೆಗೆದುಬಿಟ್ಟಿದ್ದೆ.

ಸಂಜೆಯ ಹೊತ್ತಿಗೆ ಅಮ್ಮನ ತೀರ್ಪು ಬಂತು. "ನೋಡು ಸಿದ್ದರಾಜ. ಇವತ್ತಿಂದ ಇವ್ರ ಗಡ್ಡ ಹೊಸ್ದಾಗಿ ಬೆಳೀಲಿ. ನಿನ್ ಗಡ್ಡನೂ ಬೆಳೀಲಿ. ಎಲ್ಡು ಸೇರಿ ಒಂದು ಹರಕೆ. ಇವ್ರು ನಡ್ಕಂಡು ಬೆಟ್ಟಕ್ ಬರೋಗಂಟ ನೀನು ಬ್ಲೇಡು ಮುಟ್ಟಂಗಿಲ್ಲ, ಈ ಮನೆ ಬುಟ್ಟು ಹೋಗಂಗಿಲ್ಲ."

ಸಿಸ್ಟರ್‌ಗೆ ಫೋನ್ ಮಾಡಿ ನನ್ನನ್ನು ಬಿಡಿಸಿಕೊಳ್ಳಿ ಎಂದು ಬೇಡಿಕೊಂಡೆ. ಅವರು ಫೋನಿನಲ್ಲಿ ನಕ್ಕ ಸದ್ದು ಪಡಸಾಲೆಗೆಲ್ಲ ಕೇಳಿತು. "ನಿನ್ನ ಗಡ್ಡ ಬೋಳಿಸೋ ದಾರಿ ಒಂದೇ ಕಣಪ್ಪ. ಅವರನ್ನ ನಡೆಸು," ಎಂದು ಇಟ್ಟುಬಿಟ್ಟರು.

ಆರು ತಿಂಗಳಿಗೆ ನನ್ನ ಅವತಾರ ನೋಡಬೇಕಿತ್ತು. ರಜೆಗೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಡುವರು. ತೆರಕಣಾಂಬಿಯಲ್ಲಿ ಹತ್ತಿದ ಒಬ್ಬ ಹೆಂಗಸು ಕಾಲಿಗೆ ಬಿದ್ದು, ಮಗುವಿಗೆ ದೃಷ್ಟಿಯಾಗಿದೆ, ಒಂದು ದಾರ ಕಟ್ಟಿಕೊಡಿ ಸ್ವಾಮಿ ಎಂದರು. ನಾನು ಸ್ವಾಮಿಯಲ್ಲ ತಾಯಿ ಎಂದಷ್ಟೂ ಅವರ ಭಕ್ತಿ ಹೆಚ್ಚಾಯಿತು. ಕೊನೆಗೆ ಮಗುವಿನ ಮೈ ಮುಟ್ಟಿ ಜ್ವರ ನೋಡಿ, ಕಾಯಿಸಿ ಆರಿಸಿದ ನೀರು ಕೊಡಿ, ನಾಳೆ ಆಸ್ಪತ್ರೆಗೆ ತೋರಿಸಿ ಎಂದು ಅಪ್ಪಣೆ ಕೊಡಿಸಿದೆ. ಮನೆಗೆ ಹೋದರೆ ನನ್ನ ಹೆಂಡತಿ ರತ್ನ ಬಾಗಿಲು ಅರ್ಧ ತೆಗೆದು, "ಮುಂದಕ್ಕೋಗಪ್ಪ, ಅಡುಗೆ ಆಗಿಲ್ಲ" ಎಂದು ಹಾಕಿಕೊಂಡಳು. ತೆಗೆಸಬೇಕಾದರೆ ಅವಳ ತವರಿನವರ ಹೆಸರೆಲ್ಲ ಒಪ್ಪಿಸಬೇಕಾಯಿತು.

ಹುಚ್ಚಾಟ ಒಂದು ಕಡೆ ಇರಲಿ. ಯಜಮಾನರು ನಡೆಯುವುದೇ ಕಷ್ಟವಾಗಿತ್ತು. ಗುಂಡ್ಲುಪೇಟೆಯಿಂದ ಫಿಸಿಯೋಥೆರಪಿ ಮಾಡಿಸುವ ಹುಡುಗಿ ವಾರಕ್ಕೊಮ್ಮೆ ಬಂದು ವ್ಯಾಯಾಮ ತೋರಿಸಿ ಹೋಗುತ್ತಿದ್ದಳು. "ಕಾಲೆತ್ತಿ ತಾತ" ಎಂದರೆ "ಆಯ್ತು" ಎನ್ನುವರು, ಕಾಲು ಎತ್ತುತ್ತಿರಲಿಲ್ಲ. ನಾನು ಗದರಿದೆ, ಪುಸಲಾಯಿಸಿದೆ, ನಾನೇ ಮುಂದೆ ನಿಂತು ಕವಾಯತು ಮಾಡಿದೆ. ಅವರು ಕೂತು ನೋಡಿ ನನಗೆ ಚೆನ್ನಾಗಿ ವ್ಯಾಯಾಮ ಮಾಡಿಸಿದರು. ನನ್ನ ಹೊಟ್ಟೆ ಕರಗಿತು, ಅವರ ಕಾಲು ಮಾತ್ರ ಕದಲಲಿಲ್ಲ. ಅಮ್ಮ ದಿನಾ ಬೆಳಿಗ್ಗೆ ಅವರ ಪಾದಕ್ಕೆ ಎಣ್ಣೆ ತಿಕ್ಕುತ್ತ ನನ್ನ ಮುಖ ನೋಡುವರು. ನಾನು ಚಾವಣಿ ನೋಡುವೆ.

ದಾರಿ ತೋರಿಸಿದ್ದು ಕರೆಂಟು. ಪಡಸಾಲೆಯ ಗೋಡೆಯ ಮೇಲೆ ಒಂದು ಕೆಂಪು ಬಲ್ಬ್ ಇತ್ತು. ಹೊಲದ ಪಂಪಿಗೆ ತ್ರೀ ಫೇಸ್ ಬಂದರೆ ಅದು ಹತ್ತಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಬಲ್ಬ್ ಹತ್ತಿದ ಕೂಡಲೇ ಯಜಮಾನರ ಬಲಗಾಲು ನೆಲವನ್ನು ಉಜ್ಜಿದ್ದನ್ನು ಕಂಡೆ. ನಂಜುಂಡನನ್ನು ಕೇಳಿದರೆ, "ನಲವತ್ತು ವರ್ಸ ಸ್ಟಾರ್ಟ್ರು ಒತ್ತೋದು ಅವ್ರೇ ಕಣಣ್ಣ. ನನ್ನ ಮುಟ್ಟಕ್ಕೇ ಬುಡ್ತಿರ್ನಿಲ್ಲ. ಈಗ ಆಟೋ ಸ್ಟಾರ್ಟ್ರು ಆಕ್ಸಿವ್ನಿ, ಅದರಷ್ಟಕ್ಕದೇ ಓಡ್ತದೆ," ಎಂದ.

"ಅದ್ನ ತೆಗ್ದಾಕು," ಎಂದೆ.

"ನೀರು?"

"ನಿಮ್ಮಪ್ಪ ಬುಡ್ತಾರೆ."

ಅವನು ನನ್ನ ಗಡ್ಡವನ್ನೇ ಒಂದು ಗಳಿಗೆ ನೋಡಿ, ಹೋಗಿ ಆಟೋ ಸ್ಟಾರ್ಟರ್ ತಪ್ಪಿಸಿ ಬಂದ. ಮಾರನೆಯ ದಿನ ಬಲ್ಬ್ ಹತ್ತಿತು, ಪಂಪಿನ ಸದ್ದು ಬರಲಿಲ್ಲ. "ಯಜಮಾನ್ರೇ, ಕರೆಂಟ್ ಬಂತು, ಸ್ಟಾರ್ಟ್ರು ಒತ್ತೋರೇ ಇಲ್ಲ" ಎಂದು ನಾನು ಸುಮ್ಮನೆ ಕೂತೆ. ಅವರು ಬಾಗಿಲು ನೋಡಿದರು, ನನ್ನನ್ನು ನೋಡಿದರು, ಬಲ್ಬ್ ನೋಡಿದರು. ಮುಖ ಕೆಂಪಾಯಿತು. ಎಡಗೈ ಊರಿ ಎದ್ದು ನಿಂತೇಬಿಟ್ಟರು. ನಾನು ಸೊಂಟಕ್ಕೆ ಬೆಲ್ಟ್ ಹಾಕಿ ಹಿಂದೆ ಹಿಡಿದುಕೊಂಡೆ. ಅವತ್ತು ಹೊಸ್ತಿಲವರೆಗೆ ಹೋದೆವು. ಒಂದು ತಿಂಗಳಲ್ಲಿ ಜಗಲಿ, ಮೂರನೆಯ ತಿಂಗಳಿಗೆ ಬೇಲಿ. ಬಾಳೆ ಒಣಗಬಾರದಲ್ಲ, ಆದ್ದರಿಂದ ನಾವು ಮನೆಗೆ ಮರಳಿದ ಮೇಲೆ ನಂಜುಂಡ ಕದ್ದು ಹೋಗಿ ಪಂಪ್ ಹಾಕಿ ಬರುತ್ತಿದ್ದ. ಒಂದು ದಿನ ಪಂಪ್ ಮನೆ ತಲುಪಿ ಯಜಮಾನರು ತಮ್ಮ ಬೆರಳಿಂದಲೇ ಸ್ಟಾರ್ಟರ್ ಒತ್ತಿದರು. ಪೈಪಿನ ಜಾಯಿಂಟ್ ಹಾರಿ ನೀರೆಲ್ಲ ನನ್ನ ಮುಖಕ್ಕೆ ಬಡಿಯಿತು. ಯಜಮಾನರು ನಕ್ಕರು. ನಾನು ಅವರ ನಗು ಕೇಳಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ ಅವರನ್ನು ಮನೆಗೆ ತಂದು ಕೂರಿಸಿದ ಕೂಡಲೇ ಒದ್ದೆ ಗಡ್ಡದಲ್ಲೇ ಅಡುಗೆಮನೆಗೆ ಓಡಿ ಅಮ್ಮನಿಗೆ ಹೇಳಿದೆ.

ಅಮ್ಮ ಕೈ ಒರೆಸಿಕೊಂಡು ಹೇಳಿದ್ದು ಒಂದೇ ಮಾತು: "ಬೆಟ್ಟಕ್ಕೋಗನ."

ಬಾಡಿಗೆ ಗಾಡಿಯಲ್ಲಿ ಹೊರಟೆವು. ಅಮ್ಮನ ಕರಾರು ಸ್ಪಷ್ಟವಾಗಿತ್ತು. ಗಾಡಿ ಇಳಿದಲ್ಲಿಂದ ಮುಡಿ ತೆಗೆಯುವ ಜಾಗದವರೆಗೆ ಯಜಮಾನರೇ ನಡೆಯಬೇಕು. ಕೋಲು ಇರಬಹುದು. ಬೆಲ್ಟ್ ಇಲ್ಲ, ಯಾರೂ ಮುಟ್ಟುವಂತಿಲ್ಲ. ಯಾರಾದರೂ ಎತ್ತಿದರೆ ಹರಕೆ ಮುರಿದ ಹಾಗೆ, ಮತ್ತೆ ಮೊದಲಿಂದ. ಮೊದಲಿಂದ ಎಂದರೆ ನನ್ನ ಗಡ್ಡವೂ ಮೊದಲಿಂದ.

ಅರ್ಧ ದಾರಿ ಚೆನ್ನಾಗಿಯೇ ನಡೆದರು. ಸುತ್ತಲೂ "ಉಘೇ ಮಾದಪ್ಪ" ಎನ್ನುವ ಜನ. ಬಿಸಿಲು ಏರಿತ್ತು. ಒಂದು ಮೆಟ್ಟಿಲ ಹತ್ತಿರ ಯಜಮಾನರು ನಿಂತರು, ಕೋಲು ನಡುಗಿತು, ಹಾಗೇ ಕುಸಿದು ಮೆಟ್ಟಿಲ ಮೇಲೆ ಕೂತುಬಿಟ್ಟರು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. "ಮುಟ್ಬ್ಯಾಡ!" ಎಂದರು ಅಮ್ಮ. ಇಪ್ಪತ್ತು ವರ್ಷ ಬೀಳುವವರನ್ನು ಹಿಡಿದೇ ಬದುಕಿದವನು ನಾನು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದು ಎಷ್ಟು ಸಂಕಟ ಎಂದು ಅವತ್ತು ತಿಳಿಯಿತು. ಅಮ್ಮ ಮುಖ ಆ ಕಡೆ ತಿರುಗಿಸಿ ಸೆರಗು ಕಚ್ಚಿಕೊಂಡರು. ನಂಜುಂಡ ಗಾಲಿ ಕುರ್ಚಿ ತರಲೇ ಎಂದು ಕಣ್ಣಲ್ಲೇ ಕೇಳಿದ.

ನನಗೆ ತೋಚಿದ್ದು ಒಂದೇ ಉಪಾಯ. "ಯಜಮಾನ್ರೇ! ಕರೆಂಟ್ ಬಂತು! ತ್ರೀ ಫೇಸು!" ಎಂದು ಕೂಗಿದೆ. ಸುತ್ತಲಿನ ಭಕ್ತರೆಲ್ಲ ನಿಂತು ನೋಡಿದರು. ಒಬ್ಬರು, ಸ್ವಾಮಿಗೆ ಮೈದುಂಬಿತು ಎಂದು ನನಗೇ ಕೈ ಮುಗಿದರು. ಗುರುಮಲ್ಲಪ್ಪನವರು ತಲೆಯೆತ್ತಿ ನನ್ನನ್ನು ನೋಡಿದ ನೋಟದಲ್ಲಿ ಬರೀ ಮರುಕವಿತ್ತು. ಬೆಟ್ಟದಲ್ಲಿ ಪಂಪಿಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲವೇ? ನನಗೆ ನಾಚಿಕೆಯಾಗಿ ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. "ಆಗ್ದಿದ್ರೆ ಬುಡಿ ಯಜಮಾನ್ರೇ. ನನ್ ಗಡ್ಡ ಇನ್ನೊಂದು ವರ್ಸ ಬೆಳೀಲಿ, ನೀವು ಬೇಜಾರಾಗ್ಬ್ಯಾಡಿ," ಎಂದೆ. ಮನಸ್ಸಿನಿಂದಲೇ ಅಂದೆ.

ಅವರು ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. ಆಮೇಲೆ ಎಡಗೈ ಚಾಚಿ ನನ್ನ ಗಡ್ಡವನ್ನು ಬುಡಕ್ಕೆ ಹಿಡಿದರು. ಹಿಡಿದು ಎಳೆದರು. ನನ್ನ ಬಾಯಿಂದ ಬಂದ ಕೂಗು ಏಳುಮಲೆಗೂ ಕೇಳಿಸಿರಬೇಕು. ಅವರು ಗಡ್ಡ ಜಗ್ಗಿ ಮೇಲೇಳುತ್ತಿದ್ದರೆ ನಾನು ನೋವು ತಡೆಯಲಾರದೆ ಅವರ ಜೊತೆ ಜೊತೆಗೇ ಮೇಲೇಳುತ್ತಿದ್ದೆ. ಕೈಗಳು ಮಾತ್ರ ಬೆನ್ನ ಹಿಂದೆಯೇ ಇದ್ದವು. ಇಬ್ಬರೂ ನೆಟ್ಟಗೆ ನಿಂತೆವು. ಅವರು ಗಡ್ಡ ಬಿಟ್ಟು ಕೋಲು ಹಿಡಿದು ಹೊರಟರು.

"ಇದು ನಡೀತದಾ ಅವ್ವ?" ಎಂದು ನಂಜುಂಡ ಮೆಲ್ಲಗೆ ಕೇಳಿದ.

"ಸಿದ್ದರಾಜ ಎತ್ನಿಲ್ಲ. ಗಡ್ಡ ಎತ್ತುತು. ಆ ಗಡ್ಡನೂ ಇವ್ರ ಹರಕೆದೇ ಅಲ್ವಾ?" ಎಂದರು ಅಮ್ಮ. ಅವರಂಥ ನ್ಯಾಯಾಧೀಶರನ್ನು ನಾನು ಕಂಡಿಲ್ಲ.

ಮುಡಿ ತೆಗೆಯುವವನ ಮುಂದೆ ಮೊದಲು ನಾನು ಕೂತೆ. ಗಡ್ಡ ಹೋಯಿತು, ಮೀಸೆ ಹೋಯಿತು, ತಲೆಯೂ ಹೋಯಿತು. ಮುಖಕ್ಕೆ ಗಾಳಿ ಬಡಿದು ಸೀನು ಬಂತು. ಆಮೇಲೆ ಯಜಮಾನರನ್ನು ಕೂರಿಸಿದೆವು. ಅವನು ಕತ್ತಿಗೆ ಹೊಸ ಬ್ಲೇಡು ಹಾಕಿ, ತಲೆಗೆ ನೀರು ಚಿಮುಕಿಸಿ, ವಾಡಿಕೆಯಂತೆ ಕೇಳಿದ: "ತೆಗೀಲಾ ಅಜ್ಜ?"

ಯಜಮಾನರು ಎಡಗೈಯಿಂದ ಗಡ್ಡ ಮುಚ್ಚಿಕೊಂಡರು.

"ಬ್ಯಾಡ," ಎಂದರು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವನು ಮತ್ತೆ ಕೇಳಿದ. "ಬ್ಯಾಡ!" ಎಂದರು ಇನ್ನೂ ಜೋರಾಗಿ. ಎರಡೂವರೆ ವರ್ಷದಲ್ಲಿ ಅವರ ಬಾಯಿಂದ ಬಂದ ಎರಡನೆಯ ಮಾತು ಅದು. ಗೌರಮ್ಮಣ್ಣಿಯವರು ಅಲ್ಲೇ ನೆಲಕ್ಕೆ ಕೂತು ಗಂಡನ ಪಾದ ಹಿಡಿದುಕೊಂಡು ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. "ಕಾಲು ಕೊಡಪ್ಪ ಅಂತ ಕೇಳ್ದೆ. ಬಾಯ್ನೂ ಕೊಟ್ಬುಟ್ಟ ನನ್ನಪ್ಪ ಮಾದಪ್ಪ," ಎಂದರು. ನಾನು ನನ್ನ ಬೋಳು ತಲೆಯ ಮೇಲೆ ಟವೆಲ್ ಹಾಕಿಕೊಂಡು ಆ ಕಡೆ ಹೋಗಿ ಅತ್ತೆ. ನಾಚಿಕೆಯೇನಿಲ್ಲ, ಈ ಕೆಲಸದಲ್ಲಿ ಅಳುವುದನ್ನೂ ಕಲಿಯಬೇಕು.

ಬೋಳಿಸುವ ಮಾತೇ ಬರಲಿಲ್ಲ. ಅವರು ಬೇಡ ಎಂದ ಮೇಲೆ ಮುಗಿಯಿತು ಎಂದರು ಅಮ್ಮ. ಗಡ್ಡದ ತುದಿಯಿಂದ ಮೂರು ಎಳೆ ಕೊಟ್ಟರೂ ಮಾದಪ್ಪ ಒಪ್ಪಿಕೊಳ್ಳುತ್ತಾನೆ ಎಂದು ಮುಡಿ ತೆಗೆಯುವವನೇ ದಾರಿ ಹೇಳಿಕೊಟ್ಟ. ಆ ಮೂರು ಎಳೆಗೂ ಯಜಮಾನರು ಚೌಕಾಸಿ ಮಾಡಿ, ಎರಡು ಆದ ಮೇಲೆ ಬ್ಯಾಡ ಎಂದರು. ಊರಿಗೆ ಹೊರಡುವ ಹೊತ್ತಿಗೆ ಅವರಿಗೆ ಆ ಮಾತಿನ ರುಚಿ ಹತ್ತಿತ್ತು. ಎಳನೀರು ಬ್ಯಾಡ, ಮಾತ್ರೆ ಬ್ಯಾಡ, ಗಾಡಿಯ ಕಿಟಕಿ ಮುಚ್ಚುವುದು ಬ್ಯಾಡ.

ಗಾಡಿ ಹತ್ತುವಾಗ ಸುಶೀಲಾ ಸಿಸ್ಟರ್ ಫೋನ್ ಮಾಡಿದರು. "ಹರಕೆ ತೀರ್ತಂತೆ? ಬಿಡುಗಡೆ ಆಯ್ತು ನಿಂಗೆ. ಚಾಮರಾಜನಗರದಲ್ಲೇ ಒಂದು ಮನೆ ಇದೆ, ನಿಮ್ಮೂರಿಗೂ ಹತ್ತಿರ. ನಾಳೆ ಬಾ," ಎಂದರು. ನನ್ನ ಮೂರು ತಿಂಗಳ ನೇಮ ಮುರಿದು ವರ್ಷ ದಾಟಿತ್ತು. ಫೋನನ್ನು ಕೈಯಲ್ಲಿ ಮುಚ್ಚಿಕೊಂಡು, ಕೇಳಿ ಮಾಡುವುದು ಒಳ್ಳೆಯದೆಂದು ಕೇಳಿದೆ.

"ಯಜಮಾನ್ರೇ, ನಾಳೆ ನಾನು ಬೇರೆ ಮನೆಗೋಗ್ಲಾ?"

ಅವರು ಎಡಗೈಯನ್ನು ನನ್ನ ಗಲ್ಲದ ಹತ್ತಿರ ತಂದರು. ಅಲ್ಲಿ ಹಿಡಿಯಲು ಗಡ್ಡ ಇರಲಿಲ್ಲ. ಒಂದು ಕ್ಷಣ ಹುಡುಕಾ‌ಡಿ ನನ್ನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು, ಭೀಮನಬೀಡು ಬರುವವರೆಗೂ ಬಿಡಲಿಲ್ಲ. ನಾನು ಕತ್ತು ಓರೆ ಮಾಡಿಕೊಂಡೇ, ಆ ಮನೆಗೆ ಬೇರೆ ಯಾರನ್ನಾದರೂ ಕಳಿಸಿ ಎಂದು ಸಿಸ್ಟರ್‌ಗೆ ಹೇಳಿದೆ.